ರೆಗ್ಯುಲೇಟರ್‌ನ 43 ಫೋಟೋಗಳು

2019ರಲ್ಲಿ ಒಂದು ದಿನ ಮೈಸೂರಿನಿಂದ ಬೆಂಗಳೂರಿಗೆ ಹೊರಟವನು ಮಂಡ್ಯದಲ್ಲಿ ಬಸ್ಸಿಳಿದು ವಾಪಸ್ ಬಂದೆ. ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಲು. ಆಗಿತ್ತು. ಅದಕ್ಕೆ ಮೊಬೈಲಿನಲ್ಲಿ ಸಾಕ್ಷಿಯೂ ಇತ್ತು, ಒಂದೇ ರೆಗ್ಯುಲೇಟರಿನ 43 ಫೋಟೋ. ಬಸ್ಸಿನಲ್ಲಿ ಅವನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ‘ಇದು ನಿನ್ನೆ ತೆಗೆದದ್ದೂ ಇರಬಹುದಲ್ವಾ’ ಎಂದು ಅನುಮಾನ ಬಂತು. ಇಳಿದುಬಿಟ್ಟೆ.

ನಮ್ಮ ಮನೆಯಲ್ಲಿ ಇದಕ್ಕೆ ಹೆಸರಿರಲಿಲ್ಲ. ಅಜ್ಜಿ ಸೌದೆಗೂ ನೀರು ಚಿಮುಕಿಸಿ ಒಲೆಗಿಡುತ್ತಿದ್ದರು. ‘ಭಾರಿ ಮಡಿ’ ಅನ್ನುತ್ತಿದ್ದರು ಜನ. ಮಡಿ ಕಾಯಿಲೆಯಲ್ಲ, ಬಿಡಿ. ಊಟ ಮುಗಿದರೆ ಮಡಿಯೂ ಮುಗಿಯುತ್ತದೆ. ಅಜ್ಜಿಯದು ಮುಗಿಯುತ್ತಿರಲಿಲ್ಲ, ರಾತ್ರಿ ಹನ್ನೊಂದಕ್ಕೂ ಬಚ್ಚಲಿಂದ ನೀರಿನ ಸದ್ದು ಬರುತ್ತಿತ್ತು. ನನ್ನ ತಮ್ಮ ಇದಕ್ಕೆ ತದ್ವಿರುದ್ಧ. ಯಾವುದನ್ನೂ ಎರಡನೇ ಸಲ ನೋಡುವವನಲ್ಲ. ಆನ್‌ಲೈನ್ ರಮ್ಮಿಯಲ್ಲಿ ಒಂದು ತಿಂಗಳ ಸಂಬಳವನ್ನು ಒಂದೇ ರಾತ್ರಿಗೆ ಕರಗಿಸಿದ್ದಾನೆ. ‘ಒಬ್ಬ ಪುಕ್ಕಲ, ಇನ್ನೊಬ್ಬ ಹುಂಬ’ ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದರು.

ಮೊದಲು ತೋರಿಸಿದ ಡಾಕ್ಟರ್ ‘ಸುಮ್ನೆ ಜಾಸ್ತಿ ಯೋಚನೆ ಮಾಡ್ತೀರಿ’ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಚೆನ್ನಾಗಿ ನಿದ್ದೆ ಮಾಡಿ, ಎದ್ದು, ಮತ್ತೆ ರೆಗ್ಯುಲೇಟರ್ ನೋಡಿದೆ. ಕೊನೆಗೆ ನಿಮ್ಹಾನ್ಸ್‌ಗೆ ಹೋದಾಗ ಹೆಸರು ಸಿಕ್ಕಿತು: ಗೀಳು ರೋಗ, ಅಂದರೆ ಒಸಿಡಿ. ನೂರು ಜನರಲ್ಲಿ ಎರಡು ಮೂರು ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಬರುವಂಥದ್ದಂತೆ. ಟೇಬಲ್ ನೀಟಾಗಿಟ್ಟುಕೊಂಡು ‘ನನಗೂ ಸ್ವಲ್ಪ ಒಸಿಡಿ’ ಅನ್ನುವವರನ್ನು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಲ್ಲಿ ಹೇಳಿದ್ದನ್ನು ನಾನು ಬಸ್ಸಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಕಣ್ಣಿನ ಮೇಲ್ಭಾಗದಲ್ಲಿ, ಹಣೆಯ ಹಿಂದೆ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಇದೆ. ‘ಏನೋ ಸರಿಯಿಲ್ಲ’ ಎಂದು ಕೂಗುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಆ ಕೂಗು ಮೆದುಳಿನ ಒಳಗಿರುವ ಕಾಡೇಟ್, ಥಲಾಮಸ್ ದಾಟಿ ಮತ್ತೆ ಹಣೆಯ ಭಾಗಕ್ಕೇ ಸುತ್ತಿ ಬರುತ್ತದೆ. ಕೆಲಸ ಆಯಿತು ಎಂದರೆ ಸುತ್ತು ನಿಲ್ಲಬೇಕು, ಕಂಡಕ್ಟರ್ ‘ರೈಟ್ ರೈಟ್’ ಅನ್ನಬೇಕು. ನನ್ನ ಬಸ್ಸಿನಲ್ಲಿ ಎಲ್ಲರೂ ಹತ್ತಿ ಕೂತರೂ ಅವನು ರೈಟ್ ಅನ್ನುವುದಿಲ್ಲ. ತಮ್ಮನ ಬಸ್ಸಿನಲ್ಲಿ ಒಂದು ಕಾಲು ಇನ್ನೂ ರಸ್ತೆಯಲ್ಲಿರುವಾಗಲೇ ಅಂದುಬಿಡುತ್ತಾನೆ. ಅಲ್ಲಿ ತಳ್ಳುವುದು ಗೆಲ್ಲುವ ಆಸೆ, ಡೋಪಮಿನ್ ಎಂಬ ಮೆದುಳಿನ ರಾಸಾಯನಿಕದ ಆಟ.

ಅಜ್ಜಿಯ ಕಥೆ ಹೇಳಿದೆ. ಡಾಕ್ಟರ್ ಬರೆದುಕೊಂಡರು. ಇದಕ್ಕೆಂದು ಒಂದೇ ಒಂದು ಜೀನ್ ಇಲ್ಲ, ಎಷ್ಟೋ ಜೀನ್‌ಗಳು ಸಣ್ಣ ಸಣ್ಣ ಪಾಲು ಹಾಕುತ್ತವೆ. ಒಂದೇ ತರಹದ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಬೇರೆ ಅವಳಿಗಳಿಗಿಂತ ಜಾಸ್ತಿ. ಆದರೂ ಕೆಲವರಿಗೆ ಬರುವುದೇ ಇಲ್ಲ. ಇದನ್ನು ಕೇಳಿ ನನ್ನ ನಾಚಿಕೆ ಅರ್ಧ ಇಳಿಯಿತು. ಕೈ ಮಾತ್ರ ರೆಗ್ಯುಲೇಟರ್ ಬಿಡಲಿಲ್ಲ.

ಬಿಡಿಸಿದ್ದು ಎರಡು. ಒಂದು, ಫ್ಲುಆಕ್ಸೆಟಿನ್ ಮಾತ್ರೆ. ಒಸಿಡಿಗೆ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕು, ಗುಣ ಕಾಣಲು 8ರಿಂದ 12 ವಾರ ಕಾಯಬೇಕು. ಇನ್ನೊಂದು ಇಆರ್‌ಪಿ: ಹೆದರಿಕೆಗೆ ಎದುರಾಗಿ ನಿಲ್ಲುವುದು, ಆದರೆ ಚೆಕ್ ಮಾಡದೆ ಇರುವುದು. ಹೇಳಲು ಒಂದು ಸಾಲು. ಮಾಡಲು ನನಗೆ ಏಳು ತಿಂಗಳು.

ಮೊದಲ ದಿನದ ಹೋಮ್‌ವರ್ಕ್ ಹೀಗಿತ್ತು. ಗ್ಯಾಸ್ ಒಂದು ಸಲ ಆಫ್ ಮಾಡಬೇಕು, ಒಂದೇ ಸಲ ನೋಡಬೇಕು, ಹಾಲ್‌ನಲ್ಲಿ ಬಂದು ಕೂರಬೇಕು. ಐದು ನಿಮಿಷಕ್ಕೊಮ್ಮೆ ಭಯಕ್ಕೆ ನೂರಕ್ಕೆ ಎಷ್ಟು ಎಂದು ಅಂಕ ಬರೆಯಬೇಕು. 85. 90. 95. ಅಂಗೈ ಬೆವರಿ ಪೆನ್ನು ಜಾರುತ್ತಿತ್ತು. ಮೂಗಿಗೆ ನಿಜವಾಗಿಯೂ ಗ್ಯಾಸ್ ವಾಸನೆ ಬಂತು, ಪಕ್ಕದಲ್ಲಿ ಕೂತ ಹೆಂಡತಿಗೆ ಬರಲಿಲ್ಲ. ನಲವತ್ತನೇ ನಿಮಿಷಕ್ಕೆ 60. ಒಂದೂಕಾಲು ಗಂಟೆಗೆ 35. ನಾನು ಏನೂ ಮಾಡದೆ ಅದು ತಾನಾಗಿ ಇಳಿದದ್ದು ಅದೇ ಮೊದಲು.

ನನಗಿಂತ ಕಷ್ಟ ಪಟ್ಟವಳು ಹೆಂಡತಿ. ಮುಂಚೆ ಆಫೀಸಿನಿಂದ ದಿನಕ್ಕೆ ಹತ್ತು ಸಲ ‘ಆಫ್ ಆಗಿದೆಯಾ?’ ಎಂದು ಫೋನ್ ಮಾಡುತ್ತಿದ್ದೆ, ಅವಳು ಪಾಪ ‘ಹೂಂ, ಆಗಿದೆ’ ಅನ್ನುತ್ತಿದ್ದಳು. ಆ ಹೂಂ ಕೂಡ ಒಂದು ಚೆಕ್ಕೇ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಉತ್ತರ ಕೊಡುವುದನ್ನೇ ನಿಲ್ಲಿಸಿದಳು. ಒಂದು ವಾರ ಮನೆಯಲ್ಲಿ ಜಗಳವೋ ಜಗಳ.

1992ರಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಒಸಿಡಿ ರೋಗಿಗಳ ಮೆದುಳನ್ನು ಪೆಟ್ ಸ್ಕ್ಯಾನ್ (ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿ ನೋಡಿದ್ದರು. ಮಾತ್ರೆಯಿಂದ ಗುಣ ಕಂಡವರಲ್ಲೂ, ಬರೀ ಇಂಥ ಅಭ್ಯಾಸದಿಂದ ಗುಣ ಕಂಡವರಲ್ಲೂ ಬಲಗಡೆಯ ಕಾಡೇಟ್‌ನ ಅಬ್ಬರ ತಗ್ಗಿತ್ತು. ಹಾಲ್‌ನಲ್ಲಿ ಬೆವರುತ್ತಾ ಕೂತಾಗ ನಾನು ಹಿಡಿದುಕೊಂಡಿದ್ದು ಇದನ್ನೇ. ಸುಮ್ಮನೆ ಕೂತಿಲ್ಲ, ಕಂಡಕ್ಟರನಿಗೆ ಕೆಲಸ ಕಲಿಸುತ್ತಿದ್ದೇನೆ ಎಂದು.

ತಮ್ಮನೂ ಈಗ ಕೌನ್ಸೆಲಿಂಗ್‌ಗೆ ಹೋಗುತ್ತಾನೆ. ನನಗೆ ‘ಹೆದರಿಕೆ ಇದ್ದರೂ ಮುಂದೆ ಹೋಗಿ’ ಅಂದರೆ ಅವನಿಗೆ ‘ಆಸೆ ಬಂದರೂ ಹತ್ತು ನಿಮಿಷ ನಿಲ್ಲಿ’ ಅನ್ನುತ್ತಾರಂತೆ. ಸಂಬಳದ ಖಾತೆ ಅವನ ಹೆಂಡತಿಯ ಕೈಯಲ್ಲಿದೆ, ಯುಪಿಐಯಲ್ಲಿ 500 ರೂಪಾಯಿ ಮಾತ್ರ. ಎರಡು ಸಲ ಜಾರಿದ್ದಾನೆ. ನಾನೂ ಜಾರಿದ್ದೇನೆ, ಕೊರೊನಾ ಸಮಯದಲ್ಲಿ ಕೈ ತೊಳೆತ ಶುರುವಾಗಿತ್ತು. ಆಗ ಊರೆಲ್ಲ ತೊಳೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

43 ಫೋಟೋಗಳಲ್ಲಿ 42 ಡಿಲೀಟ್ ಆಗಿವೆ. ಉಳಿದದ್ದೊಂದನ್ನು ತೆರೆದು ನೋಡಿ ಎಷ್ಟೋ ದಿನವಾಯಿತು. ಆದರೂ ಡಿಲೀಟ್ ಒತ್ತಲು ಹೋದರೆ ಅಂಕ ಇನ್ನೂ 40 ಬರುತ್ತದೆ.