ಹಾಳೆಯಷ್ಟಗಲದ ಕೌದಿ: ಮೆಷಿನ್ ಸೂಜಿಯಲ್ಲೇ ಚಿತ್ರ ಬಿಡಿಸಿ

ಕೌದಿ ಅಂದರೆ ಹೊದ್ದುಕೊಳ್ಳುವುದು, ಅಲ್ವಾ? ಇದು ಹೊದೆಯಲಿಕ್ಕಲ್ಲ, ಗೋಡೆಗೆ. ಒಗೆಯುವ ಗೋಜೇ ಇಲ್ಲ. ಹಾಗಾಗಿ ಬಟ್ಟೆಯ ಜೊತೆ ಕಾಗದ, ತರಕಾರಿ ಚೀಲದ ಬಲೆ, ಚಾಕಲೇಟಿನ ಬೆಳ್ಳಿ ಹಾಳೆ ಎಲ್ಲವನ್ನೂ ಹೊಲಿಯಬಹುದು. ಅಳತೆ ಎ4 ಹಾಳೆಯಷ್ಟಿರಲಿ, ಅಂದರೆ ಸುಮಾರು 21x30 ಸೆಂ.ಮೀ. ಕೆಟ್ಟರೂ ಹೋಗುವುದು ಒಂದು ತುಂಡು ಬಟ್ಟೆ ಅಷ್ಟೆ.

ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒಂದರಲ್ಲೇ ತುರುಕಬೇಡಿ. ಒಂದು ಕೌದಿಗೆ ಒಂದೇ ಹೊಸ ವಸ್ತು. ಇಲ್ಲದಿದ್ದರೆ ಕೈಕೊಟ್ಟಿದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಮೊದಲು ಮೂರು ಪದರ ಸಿದ್ಧ ಮಾಡಿ. ಕೆಳಗೆ ಹತ್ತಿ ಬಟ್ಟೆ, ನಡುವೆ ಫೆಲ್ಟ್ (ನೇಯದೆ, ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ), ಮೇಲೆ ಚಿತ್ರ ಮೂಡುವ ಬಟ್ಟೆ. ಮೂರನ್ನೂ ಸುತ್ತಲೂ 3 ಸೆಂ.ಮೀ. ಜಾಸ್ತಿಯೇ ಕತ್ತರಿಸಿ. ಹೊಲಿಗೆ ದಟ್ಟವಾದಷ್ಟೂ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ಫೆಲ್ಟ್ ಬದಲು ಹತ್ತಿಯ ಹಾಸು ಹಾಕುವವರೂ ಇದ್ದಾರೆ. ಕಲಿಯುವ ಕೈಗೆ ಫೆಲ್ಟೇ ವಾಸಿ, ಬೇಗ ಮುದುಡುವುದಿಲ್ಲ.

ಈಗ ತುಂಡುಗಳನ್ನು ಮೇಲಿಟ್ಟು, ಆಚೀಚೆ ಸರಿಸಿ, ಗುಂಡುಪಿನ್ನು ಚುಚ್ಚಿ. ದಾರದ ಚೂರುಗಳು ಸುಮ್ನೆ ಇಟ್ಟರೆ ನಿಲ್ಲುವುದಿಲ್ಲ. ಮೇಲೊಂದು ತೆಳು ನೆಟ್ ಬಟ್ಟೆ ಹಾಸಿ ಹೊಲಿದರೆ ಎಲ್ಲಿಗೂ ಹೋಗುವುದಿಲ್ಲ. ವಿಚಿತ್ರವೆಂದರೆ, ಕಪ್ಪು ನೆಟ್ ಕಣ್ಣಿಗೆ ಬೀಳುವುದೇ ಕಡಿಮೆ, ಬಿಳಿಯದು ಬಣ್ಣಗಳನ್ನು ಮಂಕಾಗಿಸುತ್ತದೆ. ಇಸ್ತ್ರಿ ಮಾತ್ರ ಹುಷಾರು. ಸಿಂಥೆಟಿಕ್ ನೆಟ್ ಬಿಸಿಗೆ ಕರಗುತ್ತದೆ.

ಮೆಷಿನ್ನಿನಲ್ಲಿ ಬಟ್ಟೆಯನ್ನು ಎಳೆದುಕೊಳ್ಳುವ ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ಎತ್ತ ಬೇಕಾದರೂ ಸರಿಸಲು ಬಿಡುವ ಡಾರ್ನಿಂಗ್ ಫೂಟ್ ಹಾಕಿ. ಸೂಜಿಯ ಸೈಜು 90/14. ಇನ್ನು ಬಟ್ಟೆ ತಾನಾಗಿ ಸರಿಯುವುದಿಲ್ಲ. ಪೆನ್ನು ನಿಂತಲ್ಲೇ ನಿಂತಿದೆ, ಹಾಳೆ ಓಡಾಡುತ್ತಿದೆ ಅಂದುಕೊಳ್ಳಿ. ಗಾಲಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಬಾಬಿನ್ ದಾರ, ಅಂದರೆ ಕೆಳಗಿನ ಸುರುಳಿಯ ದಾರ, ಮೇಲೆ ತನ್ನಿ. ಫೂಟ್ ಇಳಿಸಿ. ಎರಡೂ ಎಳೆ ಹಿಡಿದುಕೊಂಡು ಅಲ್ಲೇ ಮೂರ್ನಾಲ್ಕು ಹೊಲಿಗೆ ಹಾಕಿ. ಎಳೆ ಹಿಡಿಯದಿದ್ದರೆ ಕೆಳಗೆ ದಾರ ಗಂಟು ಬೀಳುತ್ತದೆ.

ಆಮೇಲೆ ಕಾಲು ಚುರುಕು, ಕೈ ನಿಧಾನ. ಹೊಸಬರು ಹೆದರಿ ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ಬಟ್ಟೆಯನ್ನು ಜಗ್ಗಿದರೆ ಸೂಜಿ ಬಾಗಿ, ತಟ್ಟೆಗೆ ಬಡಿದು ಮುರಿಯುತ್ತದೆ. ತಿರುವಿನಲ್ಲಿ ಕೈ ಓಡಿತೋ, ಹಿಂಬದಿಯಲ್ಲಿ ಸಣ್ಣ ಸಣ್ಣ ಕುಣಿಕೆ ಏಳುತ್ತದೆ. ಅಲ್ಲಿ ಕೈ ಇನ್ನೂ ನಿಧಾನವಾಗಲಿ. ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಹೋಗಿ, ಸುಕ್ಕು ಬೀಳುವುದು ಕಡಿಮೆ.

ಕಾಗದಕ್ಕೆ ಹೊಲಿಗೆ ದೂರದೂರವೇ ಇರಲಿ, ಹೆಚ್ಚುಕಡಿಮೆ 3 ಮಿ.ಮೀ. ಹತ್ತಿರ ಹತ್ತಿರ ಬಿದ್ದರೆ ತೂತಿನ ಸಾಲಿನುದ್ದಕ್ಕೂ ಹರಿಯುತ್ತದೆ. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಅದನ್ನು ಬೇರೆ ಇಡಿ. ಮಿನುಗುವ ಲೋಹದ ದಾರ ಹಾಕಿದರೆ ಮೇಲಿನ ದಾರದ ಟೆನ್ಷನ್ (ಬಿಗಿ) ಸಡಿಲಿಸಿ, ಬಾಬಿನ್ನಿಗೆ ಮಾಮೂಲಿ ಪಾಲಿಯೆಸ್ಟರ್ ಸಾಕು.

ಅಂಚು ಕತ್ತರಿಸುವುದು ಕೊನೆಗೆ. ಹಲ್ಲು ಮೇಲೆತ್ತಿ, ಫೂಟ್ ಬದಲಿಸಿ, ಒತ್ತೊತ್ತಾಗಿ ಝಿಗ್‌ಜಾಗ್ ಹಾಕಿ. ಎಳೆ ಬಿಟ್ಟ ಅಂಚೇ ಚೆಂದ ಕಂಡರೆ ಹಾಗೇ ಇರಲಿ. ಸೂಜಿ, ದಾರ, ಟೆನ್ಷನ್ ಅಂಕಿ ಎಲ್ಲವನ್ನೂ ಕೌದಿಯ ಬೆನ್ನಿಗೇ ಪೆನ್ನಲ್ಲಿ ಬರೆದಿಡಿ. ಮುಂದಿನ ಕೌದಿಗೆ ಕೂತಾಗ ಹುಡುಕಾಡಬೇಕಿಲ್ಲ.