ಎಂಬತ್ತೊಂದು ಗ್ರಾಂ ಮತ್ತು ಪೊಸಡಿಗುಂಪೆಯ ಏರು

ಬದಿಯಡ್ಕ ಪೇಟೆಯಲ್ಲಿ ಗುರುತಿನ ಒಬ್ಬರು ಅಕ್ಕಸಾಲಿಗರಿದ್ದಾರೆ. ಮೂರು ವರ್ಷದ ಹಿಂದೆ ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಅವರ ಅಂಗಡಿಗೆ ಹೊಕ್ಕು, ಚೀಲದಿಂದ ನಾಲ್ಕು ಸಪೂರ ಸರಳು ತೆಗೆದು ಗಾಜಿನ ಮೇಲಿಟ್ಟೆ. "ಇದೆಂತ ಮಾಷ್ಟ್ರೇ, ಬೆಳ್ಳಿಯಾ?" ಎಂದು ಕೇಳಿದರು. ಬೆಳ್ಳಿಯಲ್ಲ, ಸೈಕಲಿನ ಚಕ್ರ ಬಿಗಿಯುವ ಸ್ಕ್ಯೂವರುಗಳು: ಎರಡು ಉಕ್ಕಿನವು, ಎರಡು ಟೈಟಾನಿಯಮ್‌ನವು. ಚಿನ್ನದ ತಕ್ಕಡಿಯಲ್ಲಿ ಹಳೆಯ ಉಕ್ಕಿನ ಜೋಡಿ 128 ಗ್ರಾಂ ತೂಗಿತು: ಮುಂದಿನದು 61, ಹಿಂದಿನದು 67. ಹೊಸ ಜೋಡಿ 47: ಮುಂದಿನದು 22, ಹಿಂದಿನದು 25. ಪೆಟ್ಟಿಗೆಯ ಮೇಲೆ 44 ಎಂದು ಬರೆದಿತ್ತು. ಸ್ಪ್ರಿಂಗುಗಳನ್ನು ತೆಗೆದು ಮತ್ತೆ ತೂಗಿದಾಗ ಲೆಕ್ಕ ಸರಿಹೋಯಿತು. ಅಂತೂ 81 ಗ್ರಾಂ ಉಳಿತಾಯ. ನನಗೆ ಆ ದಿನ ಬಹಳ ಖುಷಿಯಾಗಿತ್ತು.

ನನ್ನದು ಹಳೆಯ ಉಕ್ಕಿನ ಫ್ರೇಮಿನ ರೋಡ್ ಬೈಕ್. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಬೆಳಿಗ್ಗೆ ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆಗೆ ಇಳಿದು ಸಮುದ್ರದ ಗಾಳಿ ಕುಡಿದು ಬರುವುದು ವಾರದಲ್ಲಿ ಮೂರು ದಿನದ ರೂಢಿ. ಭಾನುವಾರ ಮಾತ್ರ ಗುಡ್ಡೆಯ ಕಡೆ. ನಮ್ಮ ಕಾಸರಗೋಡಿನಲ್ಲಿ ಸಪಾಟು ರಸ್ತೆ ಎಂದರೆ ಕಡಲ ಬದಿಯದ್ದು ಮಾತ್ರ. ಒಳನಾಡಿಗೆ ತಿರುಗಿದರೆ ಒಂದು ಏರು, ಒಂದು ಇಳಿಜಾರು, ನಡುವೆ ತೋಟ, ಮತ್ತೆ ಏರು. ಅಂಥ ದಾರಿಯಲ್ಲಿ ಸೈಕಲ್ ಹಗುರ ಮಾಡಬೇಕು ಎಂಬ ಆಸೆ ಹುಟ್ಟುವುದು ಸಹಜ. ಚಕ್ರ ಬದಲಿಸಲು ಹಣ ಬೇಕು, ಫ್ರೇಮ್ ಬದಲಿಸುವ ಮಾತೇ ಇಲ್ಲ. ಸ್ಕ್ಯೂವರ್ ಆದರೆ ಎರಡು ನಿಮಿಷದ ಕೆಲಸ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸ್ಕ್ಯೂವರ್ ಎಂದರೆ ಚಕ್ರದ ಟೊಳ್ಳು ಆಕ್ಸಲಿನೊಳಗೆ ಹಾದುಹೋಗುವ, ಸುಮಾರು 5 ಮಿ.ಮೀ. ದಪ್ಪದ ಸರಳು. ಒಂದು ತುದಿಯಲ್ಲಿ ಲಿವರ್, ಇನ್ನೊಂದರಲ್ಲಿ ನಟ್. ಲಿವರ್ ಮಡಚಿದರೆ ಅದರ ಬುಡದ ಕ್ಯಾಮ್, ಅಂದರೆ ಒಂದು ಬದಿ ಉಬ್ಬಿದ ತುಂಡು, ತಿರುಗಿ ಸರಳನ್ನು ಎಳೆಯುತ್ತದೆ, ಫೋರ್ಕಿನ ಎರಡು ತುದಿಗಳು ಚಕ್ರದ ನಡುವಿನ ಹಬ್ಬಿಗೆ (hub) ಒತ್ತಿ ನಿಲ್ಲುತ್ತವೆ. ಇಟಲಿಯ ಟುಲಿಯೊ ಕ್ಯಾಂಪನ್ಯೋಲೊಗೆ ಇದು ಹೊಳೆದದ್ದು 1927ರಲ್ಲಿ, ಕ್ರೋಚೆ ದೌನೆ ಎಂಬ ಘಾಟಿಯ ಹಿಮದಲ್ಲಿ ಬೆರಳು ಮರಗಟ್ಟಿ ಚಕ್ರದ ಚಿಟ್ಟೆ ನಟ್ ಬಿಚ್ಚಲಾಗದೆ ರೇಸ್ ಕಳೆದುಕೊಂಡಾಗ ಎಂದು ಕಥೆ ಇದೆ. ನಮ್ಮಲ್ಲಿ ಹಿಮ ಇಲ್ಲ. ಆದರೆ ಆಟಿಯ ಮಳೆಯಲ್ಲಿ, ಕೈಯೆಲ್ಲ ಕೆಸರಾಗಿ, ಕತ್ತಲಾಗುವ ಹೊತ್ತಿಗೆ ಪಂಕ್ಚರ್ ಆದವರಿಗೆ ಆ ಲಿವರಿನ ಬೆಲೆ ತಿಳಿಯುತ್ತದೆ.

ಹೊಸ ಜೋಡಿ ಹಾಕಿದ ಮರುದಿನ ಭಾನುವಾರ. ಧರ್ಮತ್ತಡ್ಕ ದಾಟಿ ಪೊಸಡಿಗುಂಪೆಗೆ ಹತ್ತುವ ದಾರಿ ಹಿಡಿದೆ. ಸಾವಿರ ಅಡಿಗೂ ಮಿಕ್ಕಿ ಎತ್ತರದ ಗುಡ್ಡ ಅದು, ಮೇಲೆ ನಿಂತರೆ ಪಡುವಣ ಕಡಲು ಕಾಣುತ್ತದೆ. ಒಂದು ಕಡಿದಾದ ತಿರುವಿನಲ್ಲಿ ಸೀಟಿನಿಂದ ಎದ್ದು ನಿಂತು, ಇಡೀ ಮೈಭಾರ ಹಾಕಿ ತುಳಿದೆ. ಹಿಂದೆ "ಟಕ್" ಎಂದಿತು. ಪೆಡಲು ಒಮ್ಮೆಲೇ ಕಲ್ಲಿನಂತೆ ನಿಂತಿತು. ಹೇಗೋ ಕಾಲು ನೆಲಕ್ಕೆ ಊರಿದೆ. ಇಳಿದು ನೋಡಿದರೆ ಹಿಂದಿನ ಚಕ್ರ ಓರೆಯಾಗಿ, ಟಯರ್ ಎಡಬದಿಯ ಚೈನ್‌ಸ್ಟೇಗೆ, ಅಂದರೆ ಪೆಡಲಿನ ಬುಡದಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ, ಅಂಟಿಕೊಂಡು ನಿಂತಿದೆ. ಫ್ರೇಮಿನ ಬಣ್ಣ ಬೆರಳಗಲ ಕಿತ್ತು ಹೋಗಿದೆ. ಲಿವರ್ ಮಾತ್ರ ನಾನು ಮುಚ್ಚಿದ ಹಾಗೆಯೇ ಮುಚ್ಚಿತ್ತು. ಆಗ ನನಗೆ ಹೆದರಿಕೆ ಆದದ್ದು ಬಿದ್ದೇನೆಂದಲ್ಲ. ಸರಿಯಾಗಿ ಮುಚ್ಚಿದ ಲಿವರೂ ಚಕ್ರವನ್ನು ಬಿಟ್ಟುಕೊಡಬಹುದು ಎಂದು ಕಣ್ಣಾರೆ ಕಂಡದ್ದರಿಂದ.

ಮನೆಗೆ ಬಂದು ಹಳೆಯದನ್ನೂ ಹೊಸದನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ ಎರಡು ರಾತ್ರಿ ಕೂತೆ. ಮೊದಲು ಅರ್ಥವಾದದ್ದು ಇಷ್ಟು: ಸವಾರನ ಭಾರ ಹೊರುವುದು ಸ್ಕ್ಯೂವರ್ ಅಲ್ಲ, ಅದು ಆಕ್ಸಲಿನ ಕೆಲಸ. ಸ್ಕ್ಯೂವರ್ ಮಾಡಬೇಕಾದದ್ದು ಹಿಂಡಿ ಹಿಡಿಯುವುದೊಂದನ್ನೇ. ಹಾಗಿರುವಾಗ ಅದನ್ನು ತೂಕ ನೋಡಿ ಆರಿಸಿದ್ದೇ ನನ್ನ ತಪ್ಪು, ಹಿಡಿತ ನೋಡಿ ಆರಿಸಬೇಕಿತ್ತು.

ಹಿಡಿತ ಕಡಿಮೆಯಾಗಲು ಮೂರು ಕಾರಣ ಕಂಡವು. ಹಳೆಯದರ ಕ್ಯಾಮ್ ಲೋಹದ ಗುಬುಟಿನೊಳಗೆ, ಗ್ರೀಸಿನಲ್ಲಿ ಅಡಗಿ ಕೂತಿದೆ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊದವರು ಮೊದಲಿನಿಂದ ಮಾಡಿಕೊಂಡು ಬಂದದ್ದು ಇದೇ ಬಗೆ. ಹೊಸದರಲ್ಲಿ ಕ್ಯಾಮ್ ಹೊರಗೆ: ಲಿವರಿನ ಬುಡವೇ ಕವಲೊಡೆದು, ಒಂದು ಪ್ಲಾಸ್ಟಿಕ್ ವಾಷರಿನ ಮೇಲೆ ಉಜ್ಜುತ್ತ ತಿರುಗುತ್ತದೆ. ಆ ಕ್ಯಾಮಿನ ಸುತ್ತಳತೆ ದೊಡ್ಡದು, ತಿಕ್ಕಾಟ ಹೆಚ್ಚು. ಹಾಗಾಗಿ ಕೈ ಎಷ್ಟೇ ಬಲ ಹಾಕಿದರೂ ಅದರಲ್ಲಿ ಒಂದು ಪಾಲು ಉಜ್ಜುವುದಕ್ಕೇ ಹೋಗಿಬಿಡುತ್ತದೆ. ಎರಡನೆಯದು ಸರಳಿನ ಲೋಹ. ಟೈಟಾನಿಯಮ್ ಉಕ್ಕಿಗಿಂತ ಬಹಳ ಹಗುರ, ಆದರೆ ಅದರ ಬಿಗಿತ ಉಕ್ಕಿನ ಅರ್ಧದಷ್ಟೇ. ಅದೇ ದಪ್ಪದ ಸರಳು ಅದೇ ಬಲಕ್ಕೆ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಕ್ಯಾಮಿನ ಚಿಕ್ಕ ಎಳೆತ ಆ ಹಿಗ್ಗುವಿಕೆಯಲ್ಲೇ ಕಳೆದುಹೋಗುತ್ತದೆ. ಅಲ್ಯೂಮಿನಿಯಮ್ ಸರಳಿನದು ಇನ್ನೂ ಬಿಗಿ ಕಡಿಮೆ, ನಾನು ಅದನ್ನು ಮುಟ್ಟಲಿಲ್ಲ. ಮೂರನೆಯದು ನಟ್ಟಿನ ಮುಖ. ಉಕ್ಕಿನ ನಟ್ಟಿನ ಒಳಮುಖಕ್ಕೆ ಗರಗಸದಂಥ ಹಲ್ಲುಗಳಿದ್ದು ಫ್ರೇಮಿನ ಲೋಹಕ್ಕೆ ಕಚ್ಚುತ್ತವೆ. ಹಗುರದ ನಟ್ಟಿನದು ಅಲ್ಯೂಮಿನಿಯಮ್ ಹಲ್ಲು. ಒಂದೇ ದಿನದಲ್ಲಿ ಅದು ಸವೆದು ನುಣ್ಣಗೆ ಹೊಳೆಯುತ್ತಿತ್ತು. ಬೆರಳಾಡಿಸಿದರೆ ಏನೂ ತಾಗುತ್ತಿರಲಿಲ್ಲ.

ಇವೆಲ್ಲದರ ಮೇಲೆ ನನ್ನ ಫ್ರೇಮಿನ ಗುಣ. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ಹಿಂದಿನ ಡ್ರಾಪ್‌ಔಟ್, ಅಂದರೆ ಆಕ್ಸಲ್ ಕೂರುವ ಕಚ್ಚು, ಅಡ್ಡಕ್ಕೆ ಬಾಯಿ ಬಿಟ್ಟಿರುತ್ತದೆ. ಚೈನು ಬಲಬದಿಯನ್ನು ಮುಂದಕ್ಕೆ ಎಳೆದಾಗ ಅಲ್ಲಿ ತಡೆಯುವ ಗೋಡೆ ಇಲ್ಲ, ಇರುವುದು ಸ್ಕ್ಯೂವರಿನ ಹಿಡಿತ ಮಾತ್ರ. ಈಗಿನ ಫ್ರೇಮುಗಳಲ್ಲಿ ಬಾಯಿ ಕೆಳಮುಖ. ಅಲ್ಲಿ ಚೈನು ಎಳೆದರೆ ಲೋಹವೇ ಅಡ್ಡ ನಿಲ್ಲುತ್ತದೆ. ಅಂಥವರು ಹಗುರದ ಜೋಡಿ ಹಾಕಿ ವರ್ಷಗಟ್ಟಲೆ ಓಡಿಸಿದರೂ ಏನೂ ಆಗದಿರುವುದಕ್ಕೆ ಕಾರಣ ಇದು.

ಹಾಗೆ ತೀರ್ಮಾನಿಸಿ ಹಿಂದಕ್ಕೆ ಹಳೆಯ ಉಕ್ಕಿನದನ್ನೇ ವಾಪಸು ಹಾಕಿದೆ. ಮುಂದಕ್ಕೆ ಟೈಟಾನಿಯಮ್ ಉಳಿಸಿಕೊಂಡೆ, ಏಕೆಂದರೆ ನನ್ನದು ಚಕ್ರದ ಅಂಚನ್ನು ಒತ್ತಿ ಹಿಡಿಯುವ ರಿಮ್ ಬ್ರೇಕ್. ಮುಂದಿನ ಚಕ್ರವನ್ನು ಚೈನು ಎಳೆಯುವುದಿಲ್ಲ, ಫೋರ್ಕಿನ ಬಾಯಿ ಕೆಳಮುಖ, ತುದಿಯಲ್ಲಿ ಚಕ್ರ ಜಾರದಂತೆ ತುಟಿಯೂ ಇದೆ. ಆದರೆ ನಟ್ಟು ಮಾತ್ರ ಉಕ್ಕಿನ ಹಲ್ಲಿನದನ್ನು ತರಿಸಿ ಹಾಕಿದೆ, ಅದಕ್ಕೆ 5 ಗ್ರಾಂ ಹೆಚ್ಚು. ಈಗ ಜೋಡಿಯ ತೂಕ 94 ಗ್ರಾಂ. ಉಳಿದದ್ದು 34 ಗ್ರಾಂ, ಅಷ್ಟು ಸಾಕು. ಸೀಸೆಯಲ್ಲಿ ಎರಡು ಗುಟುಕು ನೀರು ಅದಕ್ಕಿಂತ ಹೆಚ್ಚು ತೂಗುತ್ತದೆ.

ಮುಚ್ಚುವ ಕ್ರಮವನ್ನೂ ಆಗಲೇ ಸರಿಯಾಗಿ ಕಲಿತೆ. ಲಿವರನ್ನು ಚಿಟ್ಟೆ ನಟ್ಟಿನ ಹಾಗೆ ಗರಗರ ತಿರುಗಿಸಿ ಬಿಗಿ ಮಾಡುವವರನ್ನು ಈಗಲೂ ನೋಡುತ್ತೇನೆ, ಅದು ಅಪಾಯ. ಲಿವರ್ ಚಕ್ರದಿಂದ ನೇರ ಹೊರಕ್ಕೆ ಚಾಚಿ ನಿಂತಾಗ ಕೈಗೆ ಬಿಗಿ ತಾಗಲು ಶುರುವಾಗಬೇಕು. ಅಷ್ಟಾಗುವವರೆಗೆ ಎದುರಿನ ನಟ್ ತಿರುಗಿಸಬೇಕು. ಆಮೇಲೆ ಬೆರಳುಗಳನ್ನು ಫೋರ್ಕಿಗೆ ಕೊಕ್ಕೆ ಹಾಕಿ, ಅಂಗೈಯ ಬುಡದಿಂದ ಲಿವರನ್ನು ಒತ್ತಿ ಮಡಚಬೇಕು. ತೆಗೆದ ಮೇಲೆ ಅಂಗೈಯಲ್ಲಿ ಲಿವರಿನ ಗುರುತು ಒಂದು ಗಳಿಗೆ ಕೆಂಪಾಗಿ ನಿಲ್ಲಬೇಕು. ಗುರುತು ಬೀಳದಿದ್ದರೆ ನಾನು ಬಿಚ್ಚಿ ಮತ್ತೆ ಮುಚ್ಚುತ್ತೇನೆ. ಸ್ಪ್ರಿಂಗಿನ ಸಣ್ಣ ತುದಿ ಹಬ್ಬಿನ ಕಡೆಗೆ, ಲಿವರ್ ಎಡಬದಿಗೆ. ಬಾಲ್ ಬೇರಿಂಗಿನ ಹಳೆಯ ಹಬ್ ಇರುವವರಿಗೆ ಇನ್ನೊಂದು ಮಾತು: ಸ್ಕ್ಯೂವರ್ ಬಿಗಿಯಾದಾಗ ಆಕ್ಸಲ್ ಕೂದಲೆಳೆಯಷ್ಟು ಕುಗ್ಗಿ ಬೇರಿಂಗ್ ಬಿಗಿಯಾಗುತ್ತದೆ. ಹಗುರದಿಂದ ಉಕ್ಕಿನದಕ್ಕೆ ಬದಲಿಸಿದಾಗ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ಗಡಸಾದರೆ ಬೇರಿಂಗನ್ನು ಒತ್ತಿ ಹಿಡಿಯುವ ಕೋನ್ ನಟ್ ತುಸು ಸಡಿಲಿಸಿ.

ನಮ್ಮ ತೋಟಕ್ಕೆ ಅಡಿಕೆ ಕೊಯ್ಲಿಗೆ ಬರುವ ಅಣ್ಣ ಒಂದು ದಿನ ಜಗಲಿಯಲ್ಲಿ ಚಾ ಕುಡಿಯುತ್ತ ನಾನು ಲಿವರ್ ಒತ್ತುವುದನ್ನೇ ನೋಡುತ್ತಿದ್ದರು. "ನಿನ್ನೆ ಹಾಕಿದ್ದಲ್ವಾ ಮಾಷ್ಟ್ರೇ, ಇವತ್ತು ಪುನಃ ಎಂತಕ್ಕೆ?" ಎಂದರು. ನಾನು ಅವರ ಪಕ್ಕದಲ್ಲಿದ್ದ, ಮರ ಹತ್ತುವಾಗ ಕಾಲಿಗೆ ಹಾಕುವ ತಳೆಯನ್ನು ತೋರಿಸಿದೆ. ಪ್ರತಿ ಮರ ಹತ್ತುವ ಮೊದಲು ಅದನ್ನು ಎಳೆದು ನೋಡುವವರು ಅವರು. "ಹಾಂ, ಅದು ಬೇಕು" ಎಂದು ಲೋಟ ಕೆಳಗಿಟ್ಟರು.

ಮಳೆಗಾಲದ ವಿಷಯ ಬೇರೆಯೇ. ಜೂನ್ ಬಂತೆಂದರೆ ಮುರಕಲ್ಲಿನ ಕೆಂಪು ನೀರು ಚಕ್ರಕ್ಕೆಲ್ಲ ಮೆತ್ತುತ್ತದೆ. ಹೊರಗಿನ ಕ್ಯಾಮಿನ ವಾಷರಿಗೆ ಆ ಮಣ್ಣು ಸೇರಿ ಒಣಗಿದರೆ ಲಿವರ್ ಕಿರುಗುಟ್ಟುತ್ತದೆ. ಕೈಗೆ ಬಿಗಿ ತಾಗುತ್ತದೆ, ಆದರೆ ಅದು ಹಿಡಿತದ ಬಿಗಿಯಲ್ಲ, ಮಣ್ಣಿನ ಬಿಗಿ. ಅದಕ್ಕೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಒಂದು ತೊಟ್ಟು ಎಣ್ಣೆ ಬಿಡುತ್ತೇನೆ. ಕುಂಬಳೆ, ಬೇಕಲದ ಕಡೆ ಓಡಿಸಿದರೆ ಉಪ್ಪು ಗಾಳಿ. ಟೈಟಾನಿಯಮ್ಮಿಗೆ ಅದರಿಂದ ಏನೂ ಆಗುವುದಿಲ್ಲ, ಉಕ್ಕಿನ ಸರಳಿಗೆ ತುಕ್ಕು ಹತ್ತುತ್ತದೆ. ಮಳೆಗಾಲದ ಮೊದಲೊಮ್ಮೆ, ನಡುವೆ ಒಮ್ಮೆ ಹೊರತೆಗೆದು ತೆಳುವಾಗಿ ಗ್ರೀಸ್ ಸವರುತ್ತೇನೆ. ಟೈಟಾನಿಯಮ್ ಸರಳಿನ ಮರೆಗೂ (ನಟ್ ಕೂರುವ ತಿರುಪಿನ ಗೆರೆಗಳಿಗೂ) ಗ್ರೀಸ್ ಬೇಕು. ಒಣಗಿದ್ದರೆ ನಟ್ ಕಚ್ಚಿ ಕೂತುಬಿಡುತ್ತದೆ.

ಕಳೆದ ವರ್ಷ ಅಕ್ಕನ ಮಗ ಡಿಸ್ಕ್ ಬ್ರೇಕಿನ ಸೈಕಲ್ ತಂದ. ಸ್ಕ್ಯೂವರಿನ ಮಾದರಿಯೇ. "ಮಾವ, ನಿಮ್ಮ ಆ ಹಗುರದ್ದು ನಂಗೆ ಕೊಡಿ" ಎಂದ. ಕೊಡಲಿಲ್ಲ. ಡಿಸ್ಕನ್ನು ಹಿಂಡಿ ಹಿಡಿಯುವ ಕ್ಯಾಲಿಪರ್ ಫೋರ್ಕಿನ ಎಡಗಾಲಿನ ಹಿಂದೆ ಇರುತ್ತದೆ. ಬ್ರೇಕ್ ಹಿಡಿದಾಗ ಅದು ಆಕ್ಸಲನ್ನು ಫೋರ್ಕಿನ ಬಾಯಿಯಿಂದ ಹೊರಕ್ಕೆ, ಕೆಳಕ್ಕೆ ತಳ್ಳುತ್ತದೆ. ರಿಮ್ ಬ್ರೇಕಿನಲ್ಲಿ ಹಾಗಿಲ್ಲ. ಹೊಸ ಡಿಸ್ಕ್ ಸೈಕಲುಗಳಿಗೆ 12 ಮಿ.ಮೀ. ದಪ್ಪದ, ಫೋರ್ಕಿನ ತೂತಿನೊಳಗೇ ಹಾದು ಬಿಗಿಯುವ ಥ್ರೂ ಆಕ್ಸಲ್ ಬಂದದ್ದರ ಹಿಂದೆ ಈ ಕಾರಣವೂ ಇದೆ. ಅವನಿಗೆ ಒಳಗಿನ ಕ್ಯಾಮಿನ ಉಕ್ಕಿನ ಜೋಡಿಯನ್ನೇ ಕೊಡಿಸಿದೆ. ಹಿಂದಿನದನ್ನು ಅಳತೆ ನೋಡಿ ತರಿಸಿದೆವು, ಅವನ ಹಬ್ಬು 135 ಮಿ.ಮೀ. ನನ್ನದು 130. ನನ್ನ ಅಳತೆಯದು ಅವನಿಗೆ ಹಾಕಿದರೆ ನಟ್ಟಿನೊಳಗೆ ಮರೆ ಪೂರ್ತಿ ಕೂರುತ್ತಿರಲಿಲ್ಲ.

ಬಿಡುವಿದ್ದ ಆ 25 ಗ್ರಾಮಿನ ಹಿಂದಿನ ಸ್ಕ್ಯೂವರನ್ನು ಮುಳ್ಳೇರಿಯದ ಗೆಳೆಯರೊಬ್ಬರಿಗೆ ಕೊಟ್ಟೆ. ಅವರದು ಕೆಳಮುಖ ಡ್ರಾಪ್‌ಔಟಿನ ಅಲ್ಯೂಮಿನಿಯಮ್ ಫ್ರೇಮ್, ರಿಮ್ ಬ್ರೇಕ್, ಮೈಭಾರವೂ ಕಡಿಮೆ. ಸವೆದ ನಟ್ಟು ತೆಗೆದು ಉಕ್ಕಿನ ಹಲ್ಲಿನದನ್ನು ಹಾಕಿಯೇ ಕೊಟ್ಟದ್ದು. ಚೆರ್ಕಳ ರಸ್ತೆಯ ಏರುಗಳಲ್ಲಿ ಎರಡು ಮಳೆಗಾಲ ದಾಟಿತು. ಚಕ್ರ ಕದಲಿಲ್ಲ.