ಹಳೆಯ ಪೇಟಿಯನ್ನು ಕಿವಿಯಿಂದ ಆರಿಸುವ ಬಗೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಹಾರ್ಮೋನಿಯಂ ಎಂಬ ಹೆಸರು ಕಾಗದದ ಮೇಲಷ್ಟೇ ಉಳಿದಿದೆ. ಮಾತಿನಲ್ಲಿ ಅದು ಪೇಟಿ, ಅದನ್ನು ನುಡಿಸುವವರು ಪೇಟಿ ಮಾಸ್ತರು. ಶನಿವಾರ ರಾತ್ರಿ ಹನುಮಪ್ಪನ ಗುಡಿಯ ಭಜನೆಗೆ, ಶ್ರಾವಣದಲ್ಲಿ ಮಠದ ಪುರಾಣಕ್ಕೆ, ಜಾತ್ರೆಯ ಹೊತ್ತಿನ ನಾಟಕಕ್ಕೆ, ದೊಡ್ಡಾಟದ ತಾಲೀಮಿಗೆ ಪೇಟಿ ಬೇಕೇ ಬೇಕು. ಊರಲ್ಲಿ ಪಟ್ಟಿ ಎತ್ತಿ ವಾದ್ಯ ಕೊಳ್ಳುವ ಭಜನಾ ಮಂಡಳಿಗಳು ಹೊಸದರ ಬೆಲೆ ಕೇಳಿ ಹಿಂದೆ ಸರಿದು ಸಾಮಾನ್ಯವಾಗಿ ಹಳೆಯ ಪೇಟಿಯನ್ನೇ ಹುಡುಕುತ್ತವೆ. ಅಂಥವರು ಹೋಗಿ ಕುಳಿತಾಗ ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ತಂದ ಮೇಲೆ ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ನನ್ನ ಅನುಭವದಿಂದ ಇಲ್ಲಿ ಬರೆದಿದ್ದೇನೆ.

ಗಂಗಾವತಿ ತಾಲ್ಲೂಕಿನ ನಮ್ಮ ಊರಿನ ಮಂಡಳಿಗೆ ಮೊದಲ ಪೇಟಿಯನ್ನು ಆರಿಸಿ ತಂದವನು ನಾನೇ. ತೇಗದ ಬಣ್ಣ, ಹೊಳೆಯುವ ಹಿತ್ತಾಳೆಯ ಹಿಡಿಕೆ, ಬಿಳುಪಾದ ಮನೆಗಳನ್ನು (ಬೆರಳಿನಿಂದ ಒತ್ತುವ ಪಟ್ಟಿಗಳನ್ನು) ನೋಡಿ ಅಂಗಡಿಯಲ್ಲಿ ನಾಲ್ಕು ಸ್ವರ ಒತ್ತಿ ಹಣ ಕೊಟ್ಟು ಬಂದೆ. ಎರಡು ತಿಂಗಳೊಳಗೆ ತಿದಿಯ ಮಡಿಕೆ ಬಿಟ್ಟಿತು, ಮಂದ್ರದ ಮೂರು ಸ್ವರಗಳು ಮೂಕವಾದವು. ನಮಗೆ ಕಲಿಸುತ್ತಿದ್ದ ಮಾಸ್ತರು ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, "ತಮ್ಮಾ, ಪಾಲಿಶ್ ಏನ್ ಹಾಡತೈತೇನು? ಮೊದ್ಲು ಅದರ ಉಸಿರು ಕೇಳಬೇಕು, ಆಮ್ಯಾಲ ದನಿ" ಎಂದರು. ಅಂದಿನಿಂದ ಯಾವ ಪೇಟಿಯ ಮುಂದೆ ಕುಳಿತರೂ ನಾನು ಅದೇ ಕ್ರಮವನ್ನು ಅನುಸರಿಸುತ್ತೇನೆ.

ಪೇಟಿ ಉಸಿರಿನ ವಾದ್ಯ. ಹಿಂಬದಿಯ ತಿದಿ ಒತ್ತಿದ ಗಾಳಿಯು ಒಳಗಿನ, ಸ್ಪ್ರಿಂಗ್ ಹಚ್ಚಿದ ಇನ್ನೊಂದು ತಿದಿಯಲ್ಲಿ ತುಂಬಿಕೊಳ್ಳುತ್ತದೆ. ನಾವು ಮನೆಯೊಂದನ್ನು ಒತ್ತಿದಾಗ ಅದರ ಕೆಳಗಿನ ತೂತು ತೆರೆದು, ಗಾಳಿ ಹಿತ್ತಾಳೆಯ ರೀಡಿನ ನಾಲಗೆಯನ್ನು ಅಲುಗಿಸಿ ಹೊರಬರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಗಾಳಿಯದು. ಮುಂದಿನ ಸ್ಟಾಪರುಗಳನ್ನು, ಅಂದರೆ ರೀಡುಗಳಿಗೆ ಗಾಳಿ ಬಿಡುವ ಗುಂಡಿಗಳನ್ನು ಎಳೆದು, ಯಾವ ಮನೆಯನ್ನೂ ಮುಟ್ಟದೆ, ತಿದಿಯನ್ನು ನಾಲ್ಕೈದು ಬಾರಿ ನಿಧಾನವಾಗಿ ಒತ್ತಿರಿ. ಆರೋಗ್ಯವಾಗಿರುವ ಪೇಟಿಯಲ್ಲಿ ತಿದಿ ಬೇಗನೆ ಬಿಗಿದು ಕೈಗೆ ಎದುರು ನಿಲ್ಲುತ್ತದೆ. ಸೋರುವ ಪೇಟಿಯಲ್ಲಿ ಎಷ್ಟು ಒತ್ತಿದರೂ ಮೆತ್ತಗೆ ಹೋಗುತ್ತಲೇ ಇರುತ್ತದೆ. ಬಿಗಿದ ಮೇಲೆ ಕೈ ತೆಗೆದು ಮನಸ್ಸಿನಲ್ಲಿ ಹದಿನೈದರವರೆಗೆ ಎಣಿಸಿ, ಮತ್ತೆ ತಿದಿ ಮುಟ್ಟದೆ ಮಧ್ಯ ಸಪ್ತಕದ ಒಂದು ಮನೆಯನ್ನು ಒತ್ತಿರಿ. ಆಗಲೂ ತುಂಬು ದನಿ ಬಂದರೆ ಗಾಳಿ ನಿಂತಿದೆ ಎಂದರ್ಥ.

ಎಣಿಸುತ್ತಿರುವಾಗ ಕಿವಿಯನ್ನು ಪೇಟಿಯ ಹತ್ತಿರ ತನ್ನಿ. ಸಣ್ಣಗೆ 'ಸ್ಸ್' ಎನ್ನುವ ಸದ್ದು ಕೇಳಿದರೆ ಎಲ್ಲೋ ಸೋರಿಕೆ ಇದೆ; ಯಾವ ಮನೆಯನ್ನೂ ಒತ್ತದೆ ಒಂದು ಸ್ವರ ತಾನೇ ಕೂಗುತ್ತಿದ್ದರೆ ಆ ಮನೆಯ ಸ್ಪ್ರಿಂಗ್ ಸಡಿಲಾಗಿದೆ, ಇಲ್ಲವೇ ತೂತು ಮುಚ್ಚುವ ಚರ್ಮ ಸವೆದಿದೆ. ಇವೆರಡೂ ಕಡಿಮೆ ಖರ್ಚಿನಲ್ಲಿ ಸರಿಹೋಗುವ ದೋಷಗಳು. ತಿದಿಯ ಮಡಿಕೆಗಳೇ ಒಡೆದಿದ್ದರೆ ಮಾತ್ರ ಕೆಲಸ ದೊಡ್ಡದು. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಮಾಸ್ತರು ಹೊತ್ತಿಸಿದ ಊದಿನಕಡ್ಡಿಯನ್ನು ಮಡಿಕೆಗಳ ಅಂಚಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ನಿಧಾನವಾಗಿ ಸರಿಸುತ್ತಿದ್ದರು. ಫ್ಯಾನು ಆರಿಸಿದ ಕೋಣೆಯಲ್ಲಿ ನೇರವಾಗಿ ಏರುತ್ತಿದ್ದ ಹೊಗೆಯ ಎಳೆ, ಬಿರುಕಿನ ಮುಂದೆ ಬಂದ ಕೂಡಲೇ ಒಂದು ಪಕ್ಕಕ್ಕೆ ಬಾಗುತ್ತಿತ್ತು. ಅಲ್ಲಿ ಅವರು ಸೀಸದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು.

ಉಸಿರು ಸರಿಯಿದ್ದರೆ ದನಿಗೆ ಬನ್ನಿ. ಇಲ್ಲಿ ಅವಸರ ಬೇಡ. ಅರ್ಧ ಗಂಟೆಯಾದರೂ ಹಿಡಿಯಲಿ. ಸಾಮಾನ್ಯವಾಗಿ ಸಿಗುವ ಮೂರೂವರೆ ಸಪ್ತಕದ ಪೇಟಿಯಲ್ಲಿ 42 ಮನೆಗಳಿರುತ್ತವೆ. ಡಬಲ್ ರೀಡ್ ಪೇಟಿಯಾದರೆ ಒಂದೊಂದು ಮನೆಗೂ ಎರಡೆರಡು, ಅಂದರೆ 84 ರೀಡುಗಳು. ಎಲ್ಲ ಸ್ಟಾಪರುಗಳನ್ನು ಒಟ್ಟಿಗೆ ತೆರೆದು ಕೇಳಿದರೆ ಒಂದು ಸಾಲಿನ ದೋಷವನ್ನು ಇನ್ನೊಂದು ಸಾಲು ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲು ಖರ್ಜದ, ಅಂದರೆ ತಗ್ಗು ದನಿಯ ಸಾಲನ್ನಷ್ಟೇ ತೆರೆದು, ಎಡತುದಿಯಿಂದ ಬಲತುದಿಯವರೆಗೆ ಕರಿ ಬಿಳಿ ಎಲ್ಲವನ್ನೂ ಒಂದೊಂದಾಗಿ ಒತ್ತಿ, ಪ್ರತಿ ದನಿಯನ್ನೂ ಒಂದು ಉಸಿರಿನಷ್ಟು ಹೊತ್ತು ಕೇಳಿ. ಆಮೇಲೆ ಮೇಲಿನ ಸಾಲನ್ನು ಹಾಗೆಯೇ ಕೇಳಿ. ತಿದಿಯನ್ನು ಎಷ್ಟು ಮೆಲ್ಲಗೆ ಒತ್ತುತ್ತೀರೋ ದೋಷ ಅಷ್ಟು ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಗಾಳಿಯ ರಭಸ ಹೆಚ್ಚಾದರೆ ಸೋಮಾರಿ ರೀಡು ಕೂಡ ಎದ್ದು ಮಾತಾಡುತ್ತದೆ. ಮಂದ್ರದ ರೀಡುಗಳು ಉದ್ದ, ಭಾರ. ಅವು ತುಸು ತಡವಾಗಿ ನುಡಿಯುವುದು ಸಹಜ. ಅಕ್ಕಪಕ್ಕದ ಸ್ವರಗಳಿಗಿಂತ ಒಂದೇ ಒಂದು ಸ್ವರ ತಡವಾದರೆ ಮಾತ್ರ ಅನುಮಾನಿಸಬೇಕು.

ದೋಷದ ಸದ್ದುಗಳನ್ನು ಗುರುತಿಸಲು ಕಿವಿಗೆ ಸ್ವಲ್ಪ ಅಭ್ಯಾಸ ಬೇಕಾಗುತ್ತದೆ. ದನಿಯ ಜೊತೆಗೆ 'ಝರ್ರ್' ಎಂಬ ಒರಟು ಬೆರೆತಿದ್ದರೆ ನಾಲಗೆ ತನ್ನ ಸೀಳಿನ ಅಂಚಿಗೆ ತಾಗುತ್ತಿದೆ, ಇಲ್ಲವೇ ಅದನ್ನು ಹಿಡಿದಿರುವ ಮೊಳೆ ಸಡಿಲಾಗಿದೆ. ಗಾಳಿ ಹೋಗುವುದು ಕೇಳಿಸುತ್ತದೆ ಆದರೆ ದನಿಯಿಲ್ಲ ಎಂದರೆ ಹೆಚ್ಚಿನ ಸಲ ಕಸ ಸಿಕ್ಕಿಕೊಂಡಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ದನಿ ಚೆನ್ನಾಗಿಯೇ ಇದ್ದು ನೆರೆಯ ಸ್ವರಗಳಿಗಿಂತ ಸ್ಪಷ್ಟವಾಗಿ ಇಳಿದಿರುವುದು. ನಾಲಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸ್ವರ ಇಳಿಯುತ್ತದೆ. ಅದನ್ನು ಶ್ರುತಿ ಮಾಡಿ ಏರಿಸಿ ಮಾರಿದರೆ ಕೆಲವು ದಿನಗಳಲ್ಲಿ ಮತ್ತೆ ಇಳಿದು ಕೊನೆಗೆ ಮುರಿಯುತ್ತದೆ. ಅಂಥ ರೀಡನ್ನು ಬದಲಿಸುವುದೇ ದಾರಿ. ನಮ್ಮ ದೇಶದಲ್ಲಿ ರೀಡುಗಳಿಗೆ ಗುಜರಾತಿನ ಪಾಲಿಟಾಣಾ ಹೆಸರಾದ ಊರು, ಹಳೆಯ ಪೇಟಿಗಳಲ್ಲಿ ಜರ್ಮನ್ ರೀಡುಗಳೂ ಸಿಗುತ್ತವೆ. ಆದರೆ ಯಾವ ಊರಿನ ರೀಡು ಎನ್ನುವ ಮಾತಿಗಿಂತ ಅದು ಈಗ ಹೇಗೆ ನುಡಿಯುತ್ತಿದೆ ಎಂಬುದಕ್ಕೆ ಬೆಲೆ ಕೊಡುವುದು ಲೇಸು.

ಶ್ರುತಿಯನ್ನು ಪರೀಕ್ಷಿಸಲು ಮೊಬೈಲಿನ ತಂಬೂರಿ ಸಾಕು. ಬಿಳಿ 1ಕ್ಕೆ (ಎರಡು ಕರಿ ಮನೆಗಳ ಗುಂಪಿನ ಎಡಕ್ಕಿರುವ ಬಿಳಿ ಮನೆ; ಅಲ್ಲಿಂದ ಬಿಳಿ, ಕರಿ ಮನೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ) ಅದನ್ನು ಇಟ್ಟು, ಪೇಟಿಯಲ್ಲಿ ಅದೇ ಮನೆಯನ್ನು ಒತ್ತಿ ಎರಡನ್ನೂ ಒಟ್ಟಿಗೆ ಕೇಳಿ. ಎರಡು ನಾದಗಳು ಪೂರ್ತಿ ಕೂಡಿದರೆ ಒಂದೇ ದನಿಯಾಗಿ ನಿಲ್ಲುತ್ತವೆ. ಕೂಡದಿದ್ದರೆ 'ವಂವ್ ವಂವ್' ಎಂದು ಅಲೆ ಏಳುತ್ತದೆ. ಒಂದು ಸೆಕೆಂಡಿಗೆ ಆ ಅಲೆ 3 ಬಾರಿ ಬಂದರೆ ಎರಡರ ಕಂಪನಗಳಿಗೆ ಸೆಕೆಂಡಿಗೆ 3ರಷ್ಟು ವ್ಯತ್ಯಾಸವಿದೆ ಎಂದು ತಿಳಿಯಬೇಕು. ಇಡೀ ಪೇಟಿಯೇ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ಭಜನೆಗೆ ತೊಂದರೆಯಿಲ್ಲ, ಹಾಡುವವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಕೊಳಲು ಅಥವಾ ಇನ್ನೊಂದು ಪೇಟಿ ಜೊತೆಗೆ ಬರುವುದಿದ್ದರೆ ಮಾತ್ರ ಕಷ್ಟ. ಆಮೇಲೆ ಪೇಟಿಯಲ್ಲಿಯೇ ಮಧ್ಯ ಷಡ್ಜ, ತಾರ ಷಡ್ಜ ಎರಡನ್ನೂ ಕೂಡಿಸಿ ಒತ್ತಿ, ಹನ್ನೆರಡು ಸ್ವರಗಳನ್ನೂ ಹೀಗೆ ಜೋಡಿಯಾಗಿ ನೋಡಿ. ಜೋಡಿಯಲ್ಲಿ ಅಲೆ ಎದ್ದರೆ ಅದು ಶ್ರುತಿ ಮಾಡಿಸಬೇಕಾದ ಪೇಟಿ. ರೀಡಿನ ತುದಿಯನ್ನು ತುಸು ಕೆರೆದರೆ ಹಗುರಾಗಿ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆಲಸ ಇಷ್ಟೇ ಆದರೂ ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲವಾದ್ದರಿಂದ, ಬಲ್ಲವರ ಕೈಗೇ ಕೊಡಿ.

ಒಂದು ವಿಷಯದಲ್ಲಿ ಮಾತ್ರ ಪೇಟಿಯನ್ನು ತಪ್ಪು ಎಣಿಸಬಾರದು. ತಂಬೂರಿಯ ಷಡ್ಜಕ್ಕೆ ಪೇಟಿಯ ಶುದ್ಧ ಗಾಂಧಾರವನ್ನು ಹಚ್ಚಿದರೆ ಅದು ತುಸು ಏರಿದಂತೆ ಕೇಳುತ್ತದೆ. ತಂಬೂರಿಯ ತಂತಿಯಿಂದ ತಾನೇ ಹೊಮ್ಮುವ ಗಾಂಧಾರ 5ಕ್ಕೆ 4ರ ಅನುಪಾತದ್ದು. ಪೇಟಿಯಲ್ಲಾದರೋ ಸಪ್ತಕವನ್ನು 12 ಸಮ ಭಾಗ ಮಾಡಿರುವುದರಿಂದ ಅದರ ಗಾಂಧಾರ ಸುಮಾರು 14 ಸೆಂಟಿನಷ್ಟು, ಅಂದರೆ ಅರ್ಧ ಸ್ವರದ ಏಳರಲ್ಲೊಂದು ಭಾಗದಷ್ಟು ಮೇಲಿರುತ್ತದೆ. ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಳ್ಳುವ ಅನುಕೂಲಕ್ಕೆ ತೆತ್ತ ಬೆಲೆ ಅದು. ಈ ಕಾರಣದಿಂದಲೂ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ಸ್ವರವನ್ನು ತೂಗಿಸುವ ಗಮಕಗಳು ಇದರಲ್ಲಿ ನುಡಿಯುವುದಿಲ್ಲ ಎಂಬ ಕಾರಣದಿಂದಲೂ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಅದೇ ಕಾಲದಲ್ಲಿ ನಮ್ಮ ಭಾಗದ ನಾಟಕ ಕಂಪನಿಗಳ, ಕಾಲಿನಿಂದ ತಿದಿ ಒತ್ತುವ ಕಾಲುಪೇಟಿಗಳು ರಾತ್ರಿಯಿಡೀ ನುಡಿಯುತ್ತಿದ್ದವು. ನೆರೆಯ ಗದಗಿನಲ್ಲಿ ಸ್ವತಃ ಪೇಟಿ ನುಡಿಸುತ್ತಿದ್ದ ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಿಂದ ಕಲಿತು ಬಂದವರು ಊರೂರಲ್ಲಿ ಸಂಗೀತ ಕಲಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯಾದ ಈ ವಾದ್ಯವನ್ನು ಪರಕೀಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮನೆಗಳನ್ನು ಬೆರಳಿನಿಂದಲೂ ಪರೀಕ್ಷಿಸಿ. ಒತ್ತಿದ ಮನೆ ಕೂಡಲೇ ಮೇಲೇಳಬೇಕು, ಪಕ್ಕದ ಮನೆಯನ್ನು ಎಳೆಯಬಾರದು. ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಮನೆಯೂ ನುಡಿಯುವಂತೆ ಮಾಡುವ ಕಪ್ಲರ್ ಇದ್ದರೆ ಹಾಕಿ ತೆಗೆದು ನೋಡಿ. ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿಯನ್ನು ಹಳೆಯದಾಗಿ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದರ ಯಂತ್ರ ಸೂಕ್ಷ್ಮವಾದದ್ದು, ಹಳ್ಳಿಯಲ್ಲಿ ರಿಪೇರಿ ಸಿಗುವುದು ಕಷ್ಟ.

ತಂದ ಮೇಲೆ ಕಾಯುವ ಕೆಲಸ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಟ್ಟಿಗೆ ಒಣಗಿ ಬೆಸುಗೆ ಬಿಡುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿ, ಬಿಸಿಲಿಗೆ ನಿಂತ ಗಾಡಿಯಲ್ಲಿ ಪೇಟಿಯನ್ನು ಇಡಲೇಬೇಡಿ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮನೆಗಳು ಹಿಡಿಯುತ್ತವೆ. ಆಗ ಎಣ್ಣೆ ಬಿಡುವವರಿದ್ದಾರೆ, ಅದು ದೊಡ್ಡ ತಪ್ಪು, ಎಣ್ಣೆಗೆ ಧೂಳು ಅಂಟಿ ಮನೆ ಶಾಶ್ವತವಾಗಿ ಜಡವಾಗುತ್ತದೆ. ಎರಡು ದಿನ ಒಣ ಕೋಣೆಯಲ್ಲಿಟ್ಟರೆ ಹೆಚ್ಚಿನವು ತಾವೇ ಬಿಡುತ್ತವೆ. ಗುಡಿಯಲ್ಲೇ ಇಡುವುದಾದರೆ ಇಲಿಗಳಿಂದ ತಿದಿಯ ಚರ್ಮವನ್ನು ಉಳಿಸಿಕೊಳ್ಳಲು ಗಟ್ಟಿ ಮುಚ್ಚಳದ ಪೆಟ್ಟಿಗೆ ಬೇಕು.

ಧೂಳಿನದು ಬೇರೆಯೇ ಕಥೆ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಗಂಗಾವತಿ ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಯ ತೌಡು ಹೊಟ್ಟು, ಇವನ್ನು ತಿದಿ ಗಾಳಿಯೊಂದಿಗೆ ಒಳಗೆಳೆದುಕೊಳ್ಳುತ್ತದೆ. ಒಮ್ಮೆ ಸುಗ್ಗಿಯ ಕಾಲದಲ್ಲಿ ನಮ್ಮ ಪೇಟಿಯ ಮಧ್ಯಮ ಭಜನೆಯ ನಡುವೆಯೇ ನಿಂತುಹೋಯಿತು. ಮರುದಿನ ರೀಡಿನ ಹಲಗೆಯನ್ನು ತೆರೆದು ಬೆಳಕಿಗೆ ಹಿಡಿದಾಗ, ನಾಲಗೆಗೂ ಅದರ ಸೀಳಿಗೂ ನಡುವೆ ಭತ್ತದ ಹೊಟ್ಟಿನ ಚೂರೊಂದು, ಉಗುರಿನ ತುದಿಗಿಂತ ಸಣ್ಣದು, ಹೊನ್ನಿನ ಬಣ್ಣದ್ದು, ಅಡ್ಡಲಾಗಿ ಕೂತಿತ್ತು. ಸೂಜಿ, ಪಿನ್ನುಗಳಿಂದ ಕೆದಕಿದರೆ ಹಿತ್ತಾಳೆಗೆ ಗೀರು ಬಿದ್ದು ಸ್ವರ ಬದಲಾಗುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ನಾಲಗೆಯ ತುದಿಯ ಕೆಳಗೆ ಮೆಲ್ಲಗೆ ಸರಿಸಿ, ನಾಲಗೆಯನ್ನು ಕೂದಲೆಳೆಯಷ್ಟು ಎತ್ತಿ, ಒಣ ಕುಂಚದಿಂದ ಒಮ್ಮೆ ತೀಡಿದೆವು. ಹೊಟ್ಟು ಉದುರಿತು, ಮಧ್ಯಮ ಮರಳಿ ಬಂತು. ಬಾಯಿಂದ ಊದುವ ಅಭ್ಯಾಸ ಬೇಡ, ಉಸಿರಿನ ಪಸೆಯಿಂದ ಹಿತ್ತಾಳೆ ಕಿಲುಬುಗಟ್ಟುತ್ತದೆ.

ಕೊನೆಯದಾಗಿ, ಪೇಟಿ ಸಿದ್ಧವಾದ ಮೇಲೆ ಮಂಡಳಿಯ ಪ್ರತಿಯೊಬ್ಬ ಹಾಡುಗಾರರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ಅವರಿಗೆ ಚೆನ್ನಾಗಿ ಬರುವ ಪದವನ್ನು ಶ್ರುತಿಯಿಲ್ಲದೆ ಹಾಡಿಸಿ, ಅವರ ಷಡ್ಜ ಯಾವ ಮನೆಗೆ ಬೀಳುತ್ತದೆ ಎಂದು ಹುಡುಕಿ. ನಮ್ಮಲ್ಲಿ ಗಂಡಸರಲ್ಲಿ ಹೆಚ್ಚಿನವರು ಬಿಳಿ 1, ಕರಿ 1ರ ಆಸುಪಾಸಿನಲ್ಲಿ, ಹೆಂಗಸರು ಬಿಳಿ 4, ಬಿಳಿ 5ರ ಸುತ್ತ ನಿಲ್ಲುತ್ತಾರೆ. ಎಪ್ಪತ್ತು ದಾಟಿದ ಒಬ್ಬ ಅಜ್ಜನವರಿಗೆ ಮಾತ್ರ ಬಿಳಿ 1ಕ್ಕೂ ಕೆಳಗಿನ, ಮಂದ್ರದ ಬಿಳಿ 6 ಬೇಕಾಯಿತು, ಅಲ್ಲಿಗೆ ಇಳಿಸಿದ ಮೇಲೆ ಅವರು ಕೆಮ್ಮದೆ ಪೂರ್ತಿ ಪದ ಹಾಡಿದರು. ಹೆಸರು, ಮನೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪೇಟಿಯ ಮುಚ್ಚಳದ ಒಳಬದಿಗೆ ಅಂಟಿಸಿಡಿ.